ಜೆಟ್ ದೋಣಿಯ ತಳಕ್ಕೆ ನೀರು ಬರುವ ದಾರಿಗಳು

ಪಂಪಿನಿಂದ ನೀರು ಹೀರಿ ಹಿಂದಕ್ಕೆ ಚಿಮ್ಮಿಸಿ ಸಾಗುವ ಜೆಟ್ ದೋಣಿಯೊಳಗೆ ನೀರು ನಿಲ್ಲುತ್ತಿದೆ ಎಂದು ಯಾರಾದರೂ ಹೇಳಿದರೆ, ಅದು ಯಾವಾಗ ನಿಲ್ಲುತ್ತದೆ ಎಂದು ನಾನು ಮೊದಲು ಕೇಳುತ್ತೇನೆ. ಕಟ್ಟಿಹಾಕಿದ್ದಾಗಲೂ ತುಂಬುತ್ತದೆಯೇ, ಎಂಜಿನ್ ಓಡುವಾಗ ಮಾತ್ರವೇ, ಅಥವಾ ಮಳೆ ಬಂದ ಮರುದಿನವೇ ಎಂಬುದು ಖಚಿತವಾಗುವ ತನಕ ಸಂದಿ ಮುಚ್ಚುವ ಅಂಟಾದ ಸೀಲಂಟಿನ ಟ್ಯೂಬನ್ನು ಬಿಚ್ಚಲೇಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಕಂಡ ಸಂದಿಗೆಲ್ಲ ಸೀಲಂಟ್ ಮೆತ್ತಿದ ದೋಣಿಯಲ್ಲಿ ನಿಜವಾದ ಸೋರಿಕೆಯನ್ನು ಹುಡುಕುವುದು ಮೊದಲಿಗಿಂತಲೂ ಕಷ್ಟ.

ಕಾಸರಗೋಡಿನ ಚಂದ್ರಗಿರಿ, ಮೊಗ್ರಾಲ್, ಶಿರಿಯಾ ಹೊಳೆಗಳ ಅಳಿವೆಯ ಒಳಭಾಗದಲ್ಲಿ ಹೊಯಿಗೆಯ ದಿಬ್ಬಗಳು ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತವೆ. ಇಳಿತದ ಹೊತ್ತಿಗೆ ಕೆಲವೆಡೆ ಮೊಣಕಾಲು ಮುಳುಗುವಷ್ಟೂ ನೀರಿರುವುದಿಲ್ಲ. ತಳದಿಂದ ಕೆಳಗೆ ಚಾಚಿದ ಪ್ರೊಪೆಲ್ಲರ್ ಇಲ್ಲದ ಜೆಟ್ ದೋಣಿ ಇಂತಹ ನೀರಿಗೆ ಹೇಳಿ ಮಾಡಿಸಿದಂತಿದೆ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಈ ಬಗೆಯ ದೋಣಿಯನ್ನು ರೂಪಿಸಿದ್ದು ಕೂಡ ತನ್ನ ನಾಡಿನ ಆಳವಿಲ್ಲದ ಹೊಳೆಗಳಲ್ಲಿ ಸಾಗುವುದಕ್ಕಾಗಿಯೇ. 1960ರಲ್ಲಿ ಹ್ಯಾಮಿಲ್ಟನ್ ಜೆಟ್ ದೋಣಿಗಳು ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯಲ್ಲಿ ಕೊಲೊರಾಡೊ ನದಿಯ ಹರಿವಿಗೆ ಎದುರಾಗಿ ಏರಿದವು. ಆದರೆ ಈ ಅನುಕೂಲಕ್ಕಾಗಿ ದೋಣಿಯ ತಳದಲ್ಲಿ ದೊಡ್ಡ ಕಿಂಡಿಯೊಂದನ್ನು ಕೊರೆಯಬೇಕಾಗುತ್ತದೆ. ಪಂಪು ನೀರು ಹೀರುವ ಬಾಯಿ, ಅದರ ಮೂಲಕ ಹಾದುಹೋಗಿ ಪಂಪನ್ನು ತಿರುಗಿಸುವ ದಂಡ ಅಂದರೆ ಶಾಫ್ಟ್, ಸ್ಟೀರಿಂಗ್ ಮತ್ತು ರಿವರ್ಸ್ ಕೇಬಲ್‌ಗಳು, ಎಂಜಿನ್ನನ್ನು ತಂಪಾಗಿಡುವ ನೀರಿನ ಹೋಸ್, ಹೊಗೆ ಹೋಗುವ ಕೊಳವೆ, ಒಳಗಿನ ನೀರು ಹೊರಬಿಡುವ ತೂತಿನ ಬಿರಡೆಯಾದ ಡ್ರೈನ್ ಪ್ಲಗ್ ಎಲ್ಲವೂ ಹಿಂಬದಿಯ ಇಕ್ಕಟ್ಟಾದ ಜಾಗದಲ್ಲೇ ತಳವನ್ನೋ ಹಿಂಗೋಡೆಯನ್ನೋ ತೂರಿ ಹೋಗುತ್ತವೆ. ಆದ್ದರಿಂದ ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸಬೇಕು.

ಸಣ್ಣ ತೂತೆಂದು ಕಡೆಗಣಿಸುವವರಿಗಾಗಿ ಒಂದು ಲೆಕ್ಕ ಹೇಳುತ್ತೇನೆ. ನೀರಿನ ಮಟ್ಟದಿಂದ 30 ಸೆಂಟಿಮೀಟರ್ ಕೆಳಗೆ 6 ಮಿಲಿಮೀಟರ್ ಅಗಲದ ತೂತಿದ್ದರೆ ನಿಮಿಷಕ್ಕೆ ಸುಮಾರು ಎರಡೂವರೆ ಲೀಟರ್, ಅಂದರೆ ಗಂಟೆಗೆ 150 ಲೀಟರ್ ನೀರು ಒಳಬರುತ್ತದೆ. ಇಬ್ಬರು ವಯಸ್ಕರ ತೂಕ ಒಂದೇ ಗಂಟೆಯಲ್ಲಿ ದೋಣಿಗೆ ಏರಿದ ಹಾಗಾಯಿತು.

ಮೊದಲು ಮಳೆನೀರನ್ನು ಬೇರ್ಪಡಿಸಿ ನೋಡಬೇಕು. ಬೇಸಗೆಯಲ್ಲಿ ಅಳಿವೆಯ ಸುತ್ತಮುತ್ತಲ ಹೊಳೆನೀರು ಉಪ್ಪಾಗಿರುವುದರಿಂದ ಇದು ಸುಲಭ. ತಳದ ನೀರಿನಲ್ಲಿ ಪೆಟ್ರೋಲ್ ಬೆರೆತಿರಬಹುದಾದ ಕಾರಣ ನಾಲಿಗೆಗೆ ತಾಗಿಸಿ ನೋಡಬಾರದು. ಕಪ್ಪು ಬಣ್ಣದ ತಟ್ಟೆಯಲ್ಲಿ ಒಂದು ಚಮಚದಷ್ಟನ್ನು ಬಿಸಿಲಿಗಿಟ್ಟರೆ ಸಾಕು, ಹೊಳೆಯ ನೀರಾದರೆ ಉಪ್ಪಿನ ಬಿಳಿ ಕಲೆ ಉಳಿಯುತ್ತದೆ. ಮಳೆಗಾಲದಲ್ಲಿ ಹೊಳೆಯೇ ಸಿಹಿಯಾಗುವುದರಿಂದ ಈ ಉಪಾಯ ಆಗ ನಡೆಯದು.

ಕಟ್ಟಿಹಾಕಿದಾಗಲೂ ನೀರು ಬರುತ್ತಿದ್ದರೆ ತಳವನ್ನು ಬಟ್ಟೆಯಿಂದ ಪೂರ್ತಿ ಒರೆಸಿ ಒಣಗಿಸಿ, ಪ್ರತಿಯೊಂದು ಜೋಡಣೆಯ ಸುತ್ತಲೂ ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಉದುರಿಸಿ, ದೋಣಿಯನ್ನು ನೀರಿಗಿಳಿಸಿ ಎಂಜಿನ್ ಚಾಲೂ ಮಾಡದೆ ಟಾರ್ಚ್ ಹಿಡಿದು ಕಾಯಬೇಕು. ಪುಡಿ ಮೊದಲು ಎಲ್ಲಿ ಒದ್ದೆಯಾಗುತ್ತದೆಯೋ ಅಲ್ಲೇ ದೋಷವಿದೆ. ನಿಂತ ನೀರನ್ನು ಮಾತ್ರ ನೋಡಿದರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಒಳಬಂದ ನೀರು ತಳದ ಉದ್ದಪಟ್ಟಿಗಳ ಗುಂಟ ಹರಿದು ಬೇರೆಲ್ಲೋ ಸೇರುತ್ತದೆ. ಡ್ರೈನ್ ಪ್ಲಗ್ಗಿನ ರಬ್ಬರ್ ಉಂಗುರವನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಒಂದು ಕಾಳು ಹೊಯಿಗೆ ಸಿಕ್ಕಿಕೊಂಡರೂ ಅದು ಒಸರುತ್ತದೆ. ಒಳಗಿನ ನೀರು ಹೊರಹಾಕುವ ಪಂಪಿನ ಹೋಸನ್ನೂ ಮರೆಯಬಾರದು. ಹೊರಬಾಯಿಯನ್ನು ತಗ್ಗಿನಲ್ಲಿ ಕೂರಿಸಿದ್ದರೆ ದೋಣಿಗೆ ಭಾರ ಬಿದ್ದಾಗ ಅದು ನೀರಿನಲ್ಲಿ ಮುಳುಗಿ, ಹೊರಗಿನ ನೀರೇ ಹಿಮ್ಮುಖವಾಗಿ ಒಳಹರಿಯುತ್ತದೆ. ಇಲ್ಲಿ ತಳದಲ್ಲಿ ಯಾವ ದೋಷವೂ ಇರುವುದಿಲ್ಲ. ಹೋಸನ್ನು ಒಮ್ಮೆ ಮೇಲೆತ್ತಿ ಬಾಗಿಸಿ ಕಟ್ಟಿ, ಬಾಯಿಯನ್ನು ಎತ್ತರದಲ್ಲಿ ಕೂರಿಸಿದರೆ ಮುಗಿಯಿತು.

ಇದಾವುದೂ ಅಲ್ಲವಾದರೆ ದೋಣಿಯನ್ನು ದಡಕ್ಕೆ ತಂದು ಒಳಗೆ ನೀರು ತುಂಬಿಸಿ ಹೊರಗಿನಿಂದ ನೋಡಬಹುದು. ನೀರಿಗೆ ಬಟ್ಟೆಗೆ ಹಾಕುವ ನೀಲಿಯನ್ನು ಬೆರೆಸಿದರೆ ಕೂದಲೆಳೆಯ ಬಿರುಕೂ ಗುರುತಾಗುತ್ತದೆ. ಆದರೆ 100 ಲೀಟರ್ ನೀರೆಂದರೆ ಒಂದು ಕ್ವಿಂಟಲ್ ಭಾರ. ಟ್ರೈಲರಿನ ಆಧಾರಗಳು ತಾಳುವಷ್ಟೇ, ಎಂಜಿನ್ನಿನ ಭಾಗಗಳಿಗೆ ತಾಗದಷ್ಟೇ ತುಂಬಿಸಬೇಕು.

ಓಡುವಾಗ ಮಾತ್ರ ಬರುವ ನೀರು ಹೆಚ್ಚು ತಾಳ್ಮೆಯನ್ನು ಬೇಡುತ್ತದೆ. ಬಹಳಷ್ಟು ಜೆಟ್ ದೋಣಿಗಳಲ್ಲಿ ಪಂಪಿನ ಒತ್ತಡದಿಂದಲೇ ಹೊಳೆಯ ನೀರು ಎಂಜಿನ್ನಿಗೆ ಹೋಗಿ ತಂಪು ಮಾಡಿ ಹೊರಬೀಳುತ್ತದೆ. ಈ ಹೋಸ್ ಬಿರಿದಿದ್ದರೆ ಅಥವಾ ಅದನ್ನು ಬಿಗಿದಿಡುವ ಕ್ಲಾಂಪ್ ತುಕ್ಕು ಹಿಡಿದಿದ್ದರೆ ನಿಂತ ದೋಣಿಯಲ್ಲಿ ಒಂದು ಹನಿಯೂ ಕಾಣದೆ, ವೇಗ ಹೆಚ್ಚಿದಷ್ಟೂ ನೀರು ಹೆಚ್ಚುತ್ತದೆ. ದಡದಲ್ಲೇ ನಲ್ಲಿಯ ಪೈಪು ಜೋಡಿಸಿ ಪರೀಕ್ಷಿಸಬಹುದು. ಇಂತಹ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಎಂಜಿನ್ ಚಾಲೂ ಮಾಡಿದ ನಂತರವೇ ನಲ್ಲಿ ತೆರೆಯಬೇಕು, ನಲ್ಲಿ ಮುಚ್ಚಿದ ನಂತರವೇ ಎಂಜಿನ್ ನಿಲ್ಲಿಸಬೇಕು. ಕ್ರಮ ತಪ್ಪಿದರೆ ನೀರು ಹೊಗೆಕೊಳವೆಯ ದಾರಿಯಾಗಿ ಸಿಲಿಂಡರಿಗೆ ಹೋಗುತ್ತದೆ. ತಯಾರಕರ ಕೈಪಿಡಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಪಾಲಿಸಬೇಕು. ಚಾಲೂ ಮಾಡುವ ಮೊದಲು ಎಂಜಿನ್ ಮುಚ್ಚಳ ತೆರೆದು ಪೆಟ್ರೋಲಿನ ಆವಿ ಹೊರಹೋಗಲು ಬಿಡುವುದನ್ನು ಯಾರೂ ತಪ್ಪಿಸಬಾರದು.

ಶಾಫ್ಟಿನ ಸುತ್ತ ನೀರು ಒಳಬರದಂತೆ ತಡೆಯುವ ಸೀಲಿನ ಸೋರಿಕೆಗೆ ಮಾತ್ರ ತನ್ನದೇ ಆದ ಗುರುತಿದೆ. ತಿರುಗುವ ಶಾಫ್ಟ್ ನೀರನ್ನು ಸುತ್ತಲೂ ಎರಚುವುದರಿಂದ ಎರಡೂ ಬದಿಯ ಗೋಡೆಗಳ ಮೇಲೆ, ಮುಚ್ಚಳದ ಅಡಿಯಲ್ಲಿ, ಸೀಲಿನ ನೇರಕ್ಕೆ ಒಂದು ಒದ್ದೆ ಪಟ್ಟಿ ಮೂಡುತ್ತದೆ, ಒಣಗಿದ ಮೇಲೂ ಅದರ ಉಪ್ಪು ಉಳಿಯುತ್ತದೆ. ಎಂಜಿನ್ ಓಡುವಾಗ ಅದರ ಬಳಿ ಕೈ ಒಯ್ಯಬೇಕಾಗಿಯೇ ಇಲ್ಲ, ನಿಲ್ಲಿಸಿದ ಮೇಲೆ ಈ ಪಟ್ಟಿಯನ್ನು ಓದಿಕೊಂಡರೆ ಸಾಕು. ನಮ್ಮ ಹೊಳೆಗಳಲ್ಲಿ ಪಂಪು ನೀರಿನ ಜೊತೆ ಹೊಯಿಗೆಯನ್ನೂ ಹೀರುವುದರಿಂದ ಸೀಲ್ ಬೇಗ ಸವೆಯುತ್ತದೆ. ಶಾಫ್ಟನ್ನು ಅತ್ತಿತ್ತ ಅಲುಗಿಸಿದಾಗ ಸಡಿಲ ಕಂಡರೆ ಅದನ್ನು ಹಿಡಿದಿಡುವ ಬೇರಿಂಗನ್ನೂ ಬದಲಿಸಬೇಕು, ಇಲ್ಲದಿದ್ದರೆ ಹೊಸ ಸೀಲ್ ಹೆಚ್ಚು ಕಾಲ ಬಾಳದು.

ಬಿರುಕು ತಳದಲ್ಲೇ ಇದೆ ಎಂದಾದರೆ, ಕಡಪ್ಪುರದ ಹಿರಿಯ ಮೀನುಗಾರರು ಹೇಳುವ ಒಂದು ಮಾತನ್ನು ಇಲ್ಲಿ ಅನುಸರಿಸಲಾಗದು. "ಎರಡು ದಿನ ನೀರಲ್ಲೇ ಬಿಡಿ ಮಾರಾಯ್ರೆ, ತನ್ನಷ್ಟಕ್ಕೆ ನಿಲ್ಲುತ್ತದೆ" ಎಂಬುದು ಮರದ ದೋಣಿಯ ಮಟ್ಟಿಗೆ ನೂರಕ್ಕೆ ನೂರು ಸತ್ಯ. ಹಲಗೆ ನೀರು ಕುಡಿದು ಉಬ್ಬಿ ಸಂದಿಯನ್ನು ಮುಚ್ಚುತ್ತದೆ. ಫೈಬರ್ ಹಾಗೆ ಉಬ್ಬಿ ಮುಚ್ಚಿಕೊಳ್ಳುವುದಿಲ್ಲ. ಬಿರುಕಿನ ಸುತ್ತ ನಾಣ್ಯದಿಂದ ತಟ್ಟಿದಾಗ ಸದ್ದು ಟೊಳ್ಳಾಗಿದ್ದರೆ ಒಳಪದರಗಳು ಬಿಟ್ಟಿವೆ ಎಂದರ್ಥ. ಅಂತಹ ಜಾಗವನ್ನು ಗಟ್ಟಿ ಪದರ ಸಿಗುವ ತನಕ ಉಜ್ಜಿ ತೆಗೆದು, ಅಂಚನ್ನು ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರು ಮಾಡಬೇಕು. 4 ಮಿಲಿಮೀಟರ್ ದಪ್ಪದ ತಳಕ್ಕೆ ಪ್ರತಿ ಬದಿಯಲ್ಲೂ ಸುಮಾರು 5 ಸೆಂಟಿಮೀಟರ್. ಉಪ್ಪು ಉಳಿದರೆ ಅದು ತೇವವನ್ನು ಎಳೆಯುತ್ತಲೇ ಇರುವುದರಿಂದ ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು ಪೂರ್ತಿ ಒಣಗಿಸಿ, ಅಸಿಟೋನಿನಿಂದ ಒರೆಸಿ, ಗಾಜಿನ ಬಟ್ಟೆಯ ಪದರಗಳನ್ನು ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳದಲ್ಲಿ ತೋಯಿಸಿ ಹಾಕಬೇಕು. ಮೀನುಗಾರಿಕೆ ದೋಣಿ ಕಟ್ಟುವಲ್ಲಿ ಸಿಗುವ ಪಾಲಿಯೆಸ್ಟರ್ ರಾಳ ಅಗ್ಗವಾದರೂ ಹಳೆಯ, ಗಟ್ಟಿಯಾದ ತಳಕ್ಕೆ ಎಪಾಕ್ಸಿಯಷ್ಟು ಬಿಗಿಯಾಗಿ ಅಂಟುವುದಿಲ್ಲ. ಗಾಳಿಯಲ್ಲಿ ತೇವವಿರುವಾಗ ಎಪಾಕ್ಸಿಯ ಮೇಲೆ ಜಿಡ್ಡಿನಂತಹ ಪೊರೆ ಕಟ್ಟಬಹುದು. ಅದನ್ನು ನೀರಿನಿಂದ ಉಜ್ಜಿ ತೊಳೆಯದೆ ಮೇಲೆ ಬಣ್ಣ ಬಳಿಯಬಾರದು. ನಮ್ಮ ಕರಾವಳಿಯಲ್ಲಿ ಈ ಕೆಲಸಕ್ಕೆ ಹಿಂಗಾರು ಮುಗಿದ ಮೇಲಿನ ಜನವರಿ, ಫೆಬ್ರವರಿ ತಿಂಗಳುಗಳೇ ಸರಿ. ಅಲ್ಯೂಮಿನಿಯಂ ತಳವಾದರೆ ನುರಿತ ಬೆಸುಗೆಗಾರರಿಗೇ ಒಪ್ಪಿಸಬೇಕು.

ಪಂಪಿನ ಬಾಯಿಯ ಸುತ್ತಲಿನ ಹಳೆಯ ಸೀಲಂಟನ್ನು ಪೂರ್ತಿ ಕೆರೆದು ತೆಗೆದು, ದೋಣಿಗೆಂದೇ ಮಾಡಿದ ಪಾಲಿಯುರೆಥೇನ್ ಸೀಲಂಟನ್ನು ಹಾಕಬೇಕು. ಬಾತ್‌ರೂಮಿಗೆ ಬಳಸುವ ಸಿಲಿಕೋನ್ ನೀರಿನಡಿ ನಿಲ್ಲುವುದಿಲ್ಲ, ಜೊತೆಗೆ ಅದು ತಾಗಿದ ಜಾಗದಲ್ಲಿ ಮುಂದೆ ಬೇರೇನೂ ಸರಿಯಾಗಿ ಅಂಟದು. ಟ್ಯೂಬಿನ ಮೇಲೆ ಬರೆದಷ್ಟು ಸಮಯ ಗಟ್ಟಿಯಾಗಲು ಬಿಟ್ಟು, ಸೀಮೆಸುಣ್ಣದ ಪುಡಿಯ ಪರೀಕ್ಷೆಯನ್ನು ಮೊದಲು ನಿಂತ ನೀರಿನಲ್ಲಿ, ಆಮೇಲೆ ಓಡಿಸಿ ಮಾಡಬೇಕು. ಎರಡರಲ್ಲೂ ಪುಡಿ ಒಣಗಿಯೇ ಇದ್ದರೆ ಬಿಚ್ಚಿಟ್ಟ ನೆಲಹಲಗೆಗಳನ್ನು ಮತ್ತೆ ಕೂರಿಸಬಹುದು.