ತಣ್ಣನೆ ಗಾಳಿ ಬಂತೆಂದರೆ ನಮಗೆ ದಿಗಿಲು

ಏಪ್ರಿಲ್ ಕೊನೆಯ ದಾವಣಗೆರೆ, ಸಂಜೆ ನಾಲ್ಕು ಗಂಟೆ. ಬೆಳಗ್ಗಿಂದ ಬೆಂದು ಹೋದ ಮೈಗೆ ಒಮ್ಮೆಲೇ ತಣ್ಣನೆ ಗಾಳಿ ಬೀಸಿದರೆ ಎಷ್ಟು ಹಿತ ಅಲ್ವಾ? ಜನ ಮನೆಯಿಂದ ಕಟ್ಟೆಗೆ ಬಂದು ಕೂರುತ್ತಾರೆ. ನಮ್ಮ ಮಂಡಕ್ಕಿ ಭಟ್ಟಿಯಲ್ಲಿ ಮಾತ್ರ ಎಲ್ಲರೂ ಎದ್ದು ಓಡುತ್ತಾರೆ.

ಅಂಗಳದ ತುಂಬ ನೆನೆಸಿದ ಭತ್ತ ಹರವಿರುತ್ತದೆ. ಅದು ಒಣಗದೆ ಮುಂದಿನ ಕೆಲಸವಿಲ್ಲ. ಮತ್ತೆ ನೆನೆದರೆ ಮುಗ್ಗುಲು ವಾಸನೆ. ಅಪ್ಪ ಒಲೆ ಹತ್ತಿರ ಕೂತಿದ್ದವರು ತಟ್ಟನೆ ಕತ್ತೆತ್ತಿ, "ಗಾಳಿ ತಣ್ಣಗಾತು, ತಾಡಪಾಲು ಎಳೀರಲೇ" ಅನ್ನುತ್ತಾರೆ. ತಲೆ ಮೇಲೆ ಆಗ ಬಿಸಿಲೇ ಇರುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಧೂಳು, ಆಮೇಲೆ ಮಳೆ.

ಚಿಕ್ಕವನಿದ್ದಾಗ ಅಪ್ಪನಿಗೆ ಏನೋ ವಿದ್ಯೆ ಗೊತ್ತು ಅಂದುಕೊಂಡಿದ್ದೆ. ಡಿಗ್ರಿ ಓದುವಾಗ ಗುಟ್ಟು ತಿಳಿಯಿತು. ಗುಡುಗಿನ ಮೋಡದಿಂದ ಮಳೆ ಬೀಳುವಾಗ ಸ್ವಲ್ಪ ನೀರು ದಾರಿಯಲ್ಲೇ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಸುತ್ತಲಿನ ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೂ ಹೀಗೇ. ತಣ್ಣಗಾದ ಗಾಳಿ ಭಾರ. ಧಡ್ಡನೆ ಕೆಳಗೆ ಬೀಳುತ್ತದೆ. ನೆಲಕ್ಕೆ ಬಡಿದ ಮೇಲೆ, ಬಿಂದಿಗೆ ನೀರು ಸುರಿದಂತೆ ಸುತ್ತಲೂ ಹರಡುತ್ತದೆ. ಮಳೆ ಇನ್ನೂ ಹತ್ತಾರು ಕಿಲೋಮೀಟರ್ ಆಚೆ ಇರುವಾಗಲೇ ಆ ಗಾಳಿ ನಮ್ಮ ಅಂಗಳಕ್ಕೆ ಬಂದಿರುತ್ತದೆ. ಅಪ್ಪನ ಕಿವಿ ಹಿಂದಿನ ಬೆವರಿಗೆ ತಗಲುವುದು ಅದೇ.

ನಮ್ಮ ಕಡೆ, ಅದರಲ್ಲೂ ಜಗಳೂರು, ಚಳ್ಳಕೆರೆ ಕಡೆ ಬೇಸಿಗೆ ಮಳೆಯಲ್ಲಿ ನೀರಿಗಿಂತ ಗಾಳಿಯೇ ಜಾಸ್ತಿ ಅನ್ನುವ ಮಾತಿಗೂ ಇಲ್ಲಿ ಉತ್ತರ ಸಿಕ್ಕಿತು. ಮೋಡದ ಕೆಳಗಿನ ಗಾಳಿ ಒಣಗಿದಷ್ಟೂ ಹನಿಗಳು ಬೇಗ ಆವಿಯಾಗುತ್ತವೆ, ಗಾಳಿ ಇನ್ನಷ್ಟು ತಣ್ಣಗಾಗಿ ಇನ್ನಷ್ಟು ಜೋರಾಗಿ ಬೀಳುತ್ತದೆ. ಮನೆ ತಗಡು ಹಾರುತ್ತದೆ, ನೆಲ ಮಾತ್ರ ಸರಿಯಾಗಿ ನೆನೆಯುವುದಿಲ್ಲ.

ಆಲಿಕಲ್ಲಿನ ಮಳೆಯನ್ನು ನಾನು ಅಂಗಳದಲ್ಲಿ ಕಂಡದ್ದು ಒಮ್ಮೆ. ತಾಡಪಾಲಿನ ಮೇಲೆ ಅದರ ಸದ್ದು ಮಂಡಕ್ಕಿ ಅರಳಿದಂತೆಯೇ ಇತ್ತು, ಸಾವಿರ ಪಟ್ಟು ಜೋರು ಅಷ್ಟೇ. ಉರಿಬಿಸಿಲಿನಲ್ಲಿ ಮಂಜುಗಡ್ಡೆ ಎಲ್ಲಿಂದ ಅಂತ ತಂಗಿ ಕೇಳಿದ್ದಳು. ನೆಲದಲ್ಲಿ 38 ಡಿಗ್ರಿ ಇದ್ದರೂ ಸುಮಾರು 5 ಕಿಲೋಮೀಟರ್ ಮೇಲೆ ನೀರು ಹೆಪ್ಪುಗಟ್ಟುವ ಚಳಿ. ದೊಡ್ಡ ಗುಡುಗಿನ ಮೋಡ ಅದನ್ನೂ ದಾಟಿ 15 ಕಿಲೋಮೀಟರ್ ತನಕ ಬೆಳೆಯುತ್ತದೆ. ನೆಲದ ಕಾವಿನಿಂದಲೇ ಮೇಲೇಳುವ ಗಾಳಿ ಕಲ್ಲನ್ನು ಕೆಳಗೆ ಬಿಡದೆ ಎತ್ತಿ ಹಿಡಿದಿರುತ್ತದೆ, ಅದರ ಮೈಗೆ ನೀರು ಅಂಟಿ ಅಂಟಿ ಗಟ್ಟಿಯಾಗುತ್ತದೆ. ದೊಡ್ಡ ಕಲ್ಲನ್ನು ಕೊಯ್ದರೆ ಈರುಳ್ಳಿಯಂತೆ ಪದರ ಕಾಣುವುದು ಅದಕ್ಕೇ. ನಾನು ಕೊಯ್ಯಲು ಚಾಕು ತರುವಷ್ಟರಲ್ಲಿ ತಂಗಿ ಬಾಯಿಗೆ ಹಾಕಿಕೊಂಡಿದ್ದಳು.

ಈಗ ನನ್ನ ಫೋನಿನಲ್ಲಿ ಪುಣೆಯ ಹವಾಮಾನ ವಿಜ್ಞಾನಿಗಳು ಮಾಡಿದ ದಾಮಿನಿ ಆ್ಯಪ್ ಇದೆ. 20, 40 ಕಿಲೋಮೀಟರ್ ಸುತ್ತಿನಲ್ಲಿ ಸಿಡಿಲಿನ ಸೂಚನೆ ಕೊಡುತ್ತದೆ. ಅಪ್ಪ ಅದನ್ನು ನೋಡಿ, "ತಾಡಪಾಲು ಎಳೀತತೇನು ಇದು?" ಅಂದರು.

ಈ ಸಲ ಭರಣಿ ಮಳೆ ಶುರುವಾದ ವಾರ ಅಪ್ಪ ಚಿತ್ರದುರ್ಗಕ್ಕೆ ಮದುವೆಗೆ ಹೋಗಿದ್ದರು. ಭಟ್ಟಿ ನನ್ನ ಪಾಲಿಗೆ. ನಾಲ್ಕೂವರೆಗೆ ಕತ್ತಿಗೆ ತಣ್ಣನೆ ಗಾಳಿ ತಾಗಿತು. ಅಪ್ಪನ ದನಿಯಲ್ಲೇ ಕೂಗಿದೆ. ಎಲ್ಲರೂ ಓಡಿದರು, ತಾಡಪಾಲು ಎಳೆದೆವು, ಮೂಲೆಗೆ ಕಲ್ಲು ಇಟ್ಟೆವು. ಧೂಳು ಬಂತು. ಪಡುವಣದಲ್ಲಿ ಮೋಡದಿಂದ ಮಳೆ ಜಾಲರಿಯಂತೆ ಇಳಿಬಿದ್ದಿದ್ದು ಕಂಡಿತು, ಆದರೆ ಅರ್ಧ ದಾರಿಯಲ್ಲೇ ಮಾಯ. ಅಂಗಳಕ್ಕೆ ಒಂದು ಹನಿಯೂ ಬೀಳಲಿಲ್ಲ. ಪಕ್ಕದ ಭಟ್ಟಿಯ ಚಾಚಾ ಗೋಡೆ ಮೇಲಿಂದ ಬಗ್ಗಿ, "ಏನಪ್ಪಾ, ಓದಿದ ಮಳೆ ಬಂತಾ?" ಅಂದರು.

ರಾತ್ರಿ ಫೋನಿನಲ್ಲಿ ಹೇಳಿದೆ. ಅಪ್ಪ ನಕ್ಕರು. "ನನಗೂ ಹಂಗೇ ಆಗ್ತತಿ. ನಾನು ಯಾರಿಗೂ ಹೇಳಲ್ಲ ಅಷ್ಟೇ. ಭತ್ತದಾಗೆ ಧೂಳು ಬಿದ್ದತೇನು?"

ಬಿದ್ದಿರಲಿಲ್ಲ. ತಾಡಪಾಲು ಹಾಕಿದ್ದೆವಲ್ಲ.