ಇಷ್ಟು ಚಿಕ್ಕ ದೋಣಿಯಲ್ಲಿ ಸಾಗರ ದಾಟಬಹುದಾ?

ಮಲ್ಪೆಯಲ್ಲಿ ನನ್ನದೊಂದು 12 ಅಡಿಯ ಹಾಯಿದೋಣಿ ಇದೆ. ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಇಷ್ಟು ಚಿಕ್ಕದರಲ್ಲಿ ಸಾಗರ ದಾಟಲು ಆಗುತ್ತಾ? ಅಲೆಗೆ ಸಿಕ್ಕಿ ಚೂರಾಗಲ್ವಾ?

ದಾಟಲು ಆಗುತ್ತದೆ. 1993ರಲ್ಲಿ ಅಮೆರಿಕದ ಹ್ಯೂಗೋ ವಿಹ್ಲೆನ್ ಐದೂವರೆ ಅಡಿಯೂ ಇಲ್ಲದ ದೋಣಿಯಲ್ಲಿ ಕೆನಡಾದಿಂದ ಇಂಗ್ಲೆಂಡ್ ಮುಟ್ಟಿದರು. 105 ದಿನ ಹಿಡಿಯಿತು.

ಅಲೆಯ ವಿಷಯ ನಮ್ಮ ನಾಡದೋಣಿಯವರಿಗೆ ಚೆನ್ನಾಗಿ ಗೊತ್ತು. ಆಳದಲ್ಲಿ ಎರಡಾಳೆತ್ತರದ ಅಲೆ ಬಂದರೂ ದೋಣಿ ತೆಂಗಿನಕಾಯಿಯ ಹಾಗೆ ಏರಿ ಇಳಿಯುತ್ತದೆ. ಅದೇ, ನದಿ ಕಡಲು ಸೇರುವ ಅಳಿವೆ ಬಾಗಿಲಲ್ಲಿ, ಅಲೆ ನೊರೆ ಕಟ್ಟಿ ಒಡೆಯುವಾಗ, ಅದಕ್ಕಿಂತ ಸಣ್ಣದೇ ಮಗುಚಿ ಹಾಕುತ್ತದೆ. ಬಿರುಗಾಳಿ ಎದ್ದರೆ ನಡುಸಾಗರದಲ್ಲೂ ಅಲೆ ಹೀಗೇ ಒಡೆಯುತ್ತದೆ. ಅಡ್ಡಕ್ಕೆ ಬಡಿದರೆ, ದೋಣಿಯ ಅಗಲದಷ್ಟು ಎತ್ತರದ ಅಲೆಯೇ ಸಾಕಾಗಬಹುದು. ನನ್ನ ದೋಣಿಯ ಅಗಲ 5 ಅಡಿ.

ಆದರೆ ನನಗೆ ಜಾಸ್ತಿ ಭಯ ಹುಟ್ಟಿಸುವುದು ಆ 105 ದಿನ. ಗಿಡ್ಡ ದೋಣಿ ತಾನೇ ಎಬ್ಬಿಸಿದ ಅಲೆಯ ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಗಾಳಿ ಎಷ್ಟು ಬೀಸಿದರೂ ನನ್ನದು ಗಂಟೆಗೆ 8 ಕಿಲೋಮೀಟರ್ ದಾಟುವುದು ಕಷ್ಟ. ನಿಧಾನವಾದಷ್ಟೂ ದಿನ ಜಾಸ್ತಿ, ದಿನ ಜಾಸ್ತಿಯಾದಷ್ಟೂ ನೀರು ಜಾಸ್ತಿ ಬೇಕು. ದಿನಕ್ಕೆ 3 ಲೀಟರ್ ಅಂದರೂ 100 ದಿನಕ್ಕೆ 300 ಕಿಲೋ ಭಾರ! ಆ ಭಾರಕ್ಕೆ ದೋಣಿ ಇನ್ನೂ ನಿಧಾನ. ತೂಫಾನಿನ ಸುದ್ದಿ ಬಂದರೆ ಮಲ್ಪೆಯ ಬೋಟುಗಳು ಹತ್ತಿರದ ಬಂದರಿಗೆ ಓಡುತ್ತವೆ. ನಡುಸಾಗರದಲ್ಲಿ ಓಡುವುದಾದರೂ ಎಲ್ಲಿಗೆ?

ನಿದ್ದೆಯ ಕತೆ ಬೇರೆ. ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದ ರಾಬರ್ಟ್ ಮ್ಯಾನ್ರಿ 1965ರಲ್ಲಿ ಹದಿಮೂರೂವರೆ ಅಡಿಯ ದೋಣಿಯಲ್ಲಿ 78 ದಿನದಲ್ಲಿ ಅಟ್ಲಾಂಟಿಕ್ ದಾಟಿದರು. ನಿದ್ದೆಗೆಟ್ಟು, ಇಲ್ಲದ ಜನರೆಲ್ಲ ಕಣ್ಣಿಗೆ ಕಾಣತೊಡಗಿದ್ದರಂತೆ. ಹಲವು ಸಲ ನೀರಿಗೂ ಬಿದ್ದರು. ಉಳಿಸಿದ್ದು ಸೊಂಟಕ್ಕೆ ಕಟ್ಟಿಕೊಂಡಿದ್ದ ಹಗ್ಗ. ಒಬ್ಬರೇ ಇರುವಾಗ ಆ ಹಗ್ಗ ಇಲ್ಲದಿದ್ದರೆ ದೋಣಿ ಸುಮ್ನೆ ಮುಂದಕ್ಕೆ ಹೋಗಿಬಿಡುತ್ತದೆ, ಅಲ್ವಾ? 9 ಅಡಿಯ ದೋಣಿಯಲ್ಲಿ ಜಗತ್ತು ಸುತ್ತಲು ಹೊರಟಿದ್ದ ಬಿಲ್ ಡನ್‌ಲಾಪ್ 1984ರಲ್ಲಿ ಪೆಸಿಫಿಕ್‌ನಲ್ಲಿ ಕಾಣೆಯಾದರು. ಏನಾಯಿತೆಂದು ಹೇಳಲು ಯಾರೂ ಇರಲಿಲ್ಲ.

ಇಂಥ ದೋಣಿ ದೊಡ್ಡ ಹಡಗಿನವರ ಕಣ್ಣಿಗೂ ಬೀಳುವುದಿಲ್ಲ. ಅಲೆಗಳ ನಡುವೆ ರೇಡಾರಿಗೂ ಸಿಗುವುದು ಕಷ್ಟ.

ಕೊನೆಗೆ, "ನೀವು ಹೋಗ್ತೀರಾ ಅಣ್ಣಾ?" ಅಂತ ಹುಡುಗರು ಕೇಳುತ್ತಾರೆ. ಇಲ್ಲ. 2018ರಲ್ಲಿ ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ಅವರ 32 ಅಡಿಯ ದೋಣಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಮಗುಚಿ, ಹಾಯಿ ಕಟ್ಟುವ ಕೂವೆಕಂಬ ಮುರಿದು, ಅವರ ಬೆನ್ನಿಗೆ ಭಾರೀ ಪೆಟ್ಟಾಯಿತು. ಮೂರು ದಿನದ ಮೇಲೆ ಫ್ರೆಂಚ್ ಹಡಗೊಂದು ಅವರನ್ನು ಎತ್ತಿಕೊಂಡಿತು. ಆ ಹಡಗಿನಲ್ಲಿದ್ದವರೂ ಅದೇ ಕಡಲಿಗೆ ಇಳಿದಿದ್ದರು. ನಮ್ಮೂರಲ್ಲಿ ಒಂದು ಬೋಟು ಬರುವುದು ತಡವಾದರೆ ಉಳಿದವರು ತಮ್ಮ ಬಲೆ ಬಿಟ್ಟು ಹುಡುಕಲು ಹೊರಡುತ್ತಾರೆ, ಗಾಳಿ ಹೇಗೇ ಇರಲಿ. ಅವರ ಮನೆಯವರು ದಡದಲ್ಲಿ ನಿಂತು ಕಾಯುವುದನ್ನು ನಾನು ನೋಡಿದ್ದೇನೆ.