ನನ್ನ ಕೊಲೆಗಾರನಿಗೆ ಯಾವ ಕಾಯಿಲೆ ಕೊಡಲಿ?

ಕ್ರೈಂ ಥ್ರಿಲ್ಲರ್ ಬರೆಯಲು ಕೂತವರೆಲ್ಲ ಕೇಳುವುದು ಇದನ್ನೇ. ಯಾವುದನ್ನೂ ಕೊಡಬೇಡಿ. ‘ಕೊಡಲಿ’ ಅನ್ನುವ ಆ ಮಾತಿಗೇ ನನಗೆ ಸಿಟ್ಟು ಬರುತ್ತದೆ. ಕೊಲೆಗೆ ಕಾರಣ ಹೊಳೆಯದಿದ್ದಾಗ ಆ ತೂತಿಗೆ ಕಾಯಿಲೆಯನ್ನು ತಂದು ತುರುಕುತ್ತೀರಿ. ಆಸ್ತಿ, ಹಗೆ, ಅವಮಾನ, ಸಿಕ್ಕಿಬೀಳುವ ಭಯ ಇವೆಲ್ಲ ಕಾರಣಗಳು. ಕಾಯಿಲೆ ಕಾರಣವಲ್ಲ.

ನಿಮ್ಮ ಕೈಲಿ ಹೆಚ್ಚು ಪೆಟ್ಟು ತಿಂದಿರುವುದು ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ. ಅದು ಒಂದೇ ದೇಹದಲ್ಲಿ ಇಬ್ಬರು ಇರುವ ಸ್ಥಿತಿಯಲ್ಲ. ಬಹುವ್ಯಕ್ತಿತ್ವದ ಕಾಯಿಲೆಯೇ ಬೇರೆ. ಸ್ಕಿಜೋಫ್ರೇನಿಯಾದಲ್ಲಿ ಇಲ್ಲದ್ದು ಕಣ್ಣಿಗೆ ಕಾಣುವುದಕ್ಕಿಂತ ಕಿವಿಗೆ ಕೇಳುವುದೇ ಹೆಚ್ಚು. ಅಮೆರಿಕದ ಮನೋವೈದ್ಯರ ಕೈಪಿಡಿಯ ಪ್ರಕಾರ ಲಕ್ಷಣಗಳು ಕನಿಷ್ಠ 6 ತಿಂಗಳು ಮುಂದುವರಿದರೆ ಮಾತ್ರ ಆ ಹೆಸರು. ಕಾದಂಬರಿಗಳು ಮರೆಯುವ ಭಾಗ ಇನ್ನೊಂದಿದೆ: ಮಾತು ಕಡಿಮೆಯಾಗುತ್ತದೆ, ಸ್ನಾನ ಬಿಟ್ಟುಹೋಗುತ್ತದೆ, ಯಾವುದರಲ್ಲೂ ಆಸಕ್ತಿ ಉಳಿಯುವುದಿಲ್ಲ. ಯೋಚನೆಯ ಎಳೆ ನಡುವೆಯೇ ಕಡಿದುಹೋಗುತ್ತಿರುವವನ ಕೈಲಿ ತಿಂಗಳುಗಟ್ಟಲೆ ಸಂಚು ಹೂಡಿಸಿ ಸುಳಿವು ಅಳಿಸಿದರೆ ಓದುಗ ಹೇಗೆ ನಂಬಬೇಕು? ಔಷಧದ ವಿಷಯದಲ್ಲೂ ತಪ್ಪುತ್ತೀರಿ. ಚುಚ್ಚುಮದ್ದು ಉದ್ರೇಕವನ್ನು ಬೇಗ ತಗ್ಗಿಸಬಹುದು, ಆದರೆ ಕಿವಿಯ ದನಿಗಳು ಅಡಗಲು ಸಾಮಾನ್ಯವಾಗಿ ವಾರಗಳೇ ಬೇಕು.

‘ಸೈಕೋ’ ಎಂಬ ಒಂದೇ ಪದದಲ್ಲಿ ಸೈಕೋಸಿಸ್ ಮತ್ತು ಸೈಕೋಪತಿ ಎರಡನ್ನೂ ಕಲಸಿಬಿಟ್ಟಿದ್ದೀರಿ. ಮೊದಲನೆಯದರಲ್ಲಿ ವಾಸ್ತವದ ಹಿಡಿತ ತಪ್ಪುತ್ತದೆ. ಎರಡನೆಯದರಲ್ಲಿ ಹಿಡಿತ ಸರಿಯಾಗಿಯೇ ಇರುತ್ತದೆ, ಇಲ್ಲದಿರುವುದು ಮರುಕ. ಸೈಕೋಪತಿ ಅಳೆಯಲು ಕೆನಡಾದ ಮನೋವಿಜ್ಞಾನಿ ರಾಬರ್ಟ್ ಹೇರ್ ರೂಪಿಸಿದ ಪಟ್ಟಿಯಲ್ಲಿ 20 ಅಂಶಗಳಿವೆ. ಒಂದೊಂದಕ್ಕೂ 0, 1 ಅಥವಾ 2 ಅಂಕ, ಒಟ್ಟು 40. ಸಾಮಾನ್ಯವಾಗಿ 30 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸೈಕೋಪತಿ ಎನ್ನುತ್ತಾರೆ. ತರಬೇತಾದವರು ದೀರ್ಘ ಸಂದರ್ಶನ ಮಾಡಿ, ಹಳೆಯ ದಾಖಲೆಗಳನ್ನೂ ತಾಳೆ ನೋಡಿಯೇ ಅಂಕ ಹಾಕಬೇಕು. ನಿಮ್ಮ ಇನ್‌ಸ್ಪೆಕ್ಟರ್ ಮೇಜಿನಾಚೆ ಕೂತು ಆರೋಪಿಯ ಕಣ್ಣು ನೋಡಿದ ಮಾತ್ರಕ್ಕೆ ಹೇಳಿಬಿಡುವ ವಿಷಯವಲ್ಲ.

ತೀವ್ರ ಮಾನಸಿಕ ಕಾಯಿಲೆ ಇರುವವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ಒಳಗಾಗುವುದೇ ಹೆಚ್ಚು. ಹಾಗಿದ್ದೂ ‘ನನ್ನ ಸಾಕ್ಷಿಗೆ ಸ್ಕಿಜೋಫ್ರೇನಿಯಾ ಇದೆ, ಅವನ ಮಾತನ್ನು ಪೊಲೀಸರು ಹೇಗೆ ತೂಗಬೇಕು?’ ಎಂದು ಯಾಕೆ ಯಾರೂ ಕೇಳುವುದಿಲ್ಲ? ಅದಕ್ಕಾದರೆ ಗಂಟೆಗಟ್ಟಲೆ ಉತ್ತರಿಸುತ್ತೇನೆ. ಊಹಿಸಿ: ಆ ಸಾಕ್ಷಿ ರಾತ್ರಿ ಕಿರುಚಾಟ ಕೇಳಿದ್ದಾನೆ. ಯಾರೂ ನಂಬುವುದಿಲ್ಲ, ಅವನಿಗೇ ಅನುಮಾನ. ಆದರೆ ವರ್ಷಗಳಿಂದ ಜೊತೆಗಿರುವ ಕಾಯಿಲೆಯ ದನಿಗಳ ಪರಿಚಯ ಅವನಿಗಿದೆ: ಅವು ಎರಡೇ, ಎರಡೂ ಗಂಡಸಿನವು, ಯಾವಾಗಲೂ ಅವನ ಬಗ್ಗೆಯೇ ಮಾತಾಡಿಕೊಳ್ಳುತ್ತವೆ. ಆ ರಾತ್ರಿ ಕೇಳಿದ್ದು ಹೆಂಗಸಿನ ದನಿ, ಅದು ಕೂಗಿದ್ದು ಬೇರೆ ಯಾರದೋ ಹೆಸರನ್ನು.